ಗಾಜಿನ ಮೇಲೆ ಬೆರಳು ಆಡಿಸಿದ ಸಿನಿಮಾ

ಮೂರು ರಾತ್ರಿಯಿಂದ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ ವೆಬ್‌ಸೈಟ್‌ನಲ್ಲೇ ಕೂತಿದ್ದೇನೆ. 1939ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಇದು. ಹಳೆಯ ಅನಿಮೇಷನ್ ಕಿರುಚಿತ್ರಗಳು ಇಲ್ಲಿ ರಾಶಿ ಇವೆ, ದುಡ್ಡು ಕೊಡಬೇಕಾಗಿಲ್ಲ. ಹಿಂದೆ ಇಂಥವನ್ನು ಎಲ್ಲೆಲ್ಲೋ ಮಸುಕು ಮಸುಕಾದ ಕಾಪಿಗಳಲ್ಲಿ ನೋಡಿ ಬೇಜಾರಾಗಿತ್ತು.

ಕ್ಯಾರೊಲಿನ್ ಲೀಫ್ ಅವರ ‘ದಿ ಸ್ಟ್ರೀಟ್’ ಮೊದಲು ನೋಡಿ. 1976ರದ್ದು, ಸುಮಾರು ಹತ್ತು ನಿಮಿಷ. ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಾಳೆ. ಅವಳು ಹೋದರೆ ಆ ಕೋಣೆ ತನಗೆ ಅಂತ ಮೊಮ್ಮಗ ಕಾಯುತ್ತಿದ್ದಾನೆ. ಮಕ್ಕಳ ಮನಸ್ಸು ಹಾಗೇ ಅಲ್ವಾ? ಲೀಫ್ ಗಾಜಿನ ಮೇಲೆ ಬಣ್ಣ ಹಚ್ಚಿ ಒಂದು ಫ್ರೇಮ್ ತೆಗೆಯುತ್ತಾರೆ. ಆಮೇಲೆ ಅದೇ ಹಸಿ ಬಣ್ಣವನ್ನು ಸರಿಸಿ ಮುಂದಿನ ಫ್ರೇಮ್. ಹಿಂದಿನ ಚಿತ್ರ ಅಲ್ಲೇ ಅಳಿಸಿಹೋಗುತ್ತದೆ, ತಪ್ಪಾದರೆ ವಾಪಸ್ ಹೋಗಲು ದಾರಿಯಿಲ್ಲ. ಒಂದು ಕಡೆ ನಿಲ್ಲಿಸಿ ಹತ್ತಿರದಿಂದ ನೋಡಿದೆ. ಬಣ್ಣ ಎಳೆದ ಗುರುತು ಹಾಗೇ ಉಳಿದಿದೆ. ಒಂದು ಮುಖ ಕರಗಿ ಇನ್ನೊಂದಾಗುವಾಗ ನನಗೆ ಗಂಟಲು ಕಟ್ಟಿತು.

ಅದೇ ವರ್ಷದ ‘ಮೈಂಡ್‌ಸ್ಕೇಪ್’ ಜಾಕ್ ಡ್ರೂಯೆನ್ ಅವರದ್ದು. ಚಿತ್ರಕಾರನೊಬ್ಬ ತನ್ನದೇ ಚಿತ್ರದೊಳಗೆ ನಡೆದುಹೋಗುತ್ತಾನೆ. ಕಥೆ ನನ್ನನ್ನು ಜಾಸ್ತಿ ಹಿಡಿಯಲಿಲ್ಲ. ಆದರೆ ಇಡೀ ಚಿತ್ರ ಮೂಡಿದ್ದು 2,40,000 ಪಿನ್‌ಗಳಿರುವ ಹಲಗೆಯ ಮೇಲೆ. ಪಿನ್ ಒಳಗೆ ತಳ್ಳಿದರೆ ನೆರಳು ಕಮ್ಮಿ, ಹೊರಗೆ ಬಂದರೆ ಜಾಸ್ತಿ. ಪಕ್ಕದಿಂದ ಬೀಳುವ ಬೆಳಕೇ ಎಲ್ಲ ಕೆಲಸ ಮಾಡುತ್ತದೆ. ಇದ್ದಿಲಲ್ಲಿ ಉಜ್ಜಿದಂಥ ಆ ಬೂದು ಬಣ್ಣ ಬೇರೆಲ್ಲೂ ನೋಡಿಲ್ಲ.

ನಾರ್ಮನ್ ಮೆಕ್‌ಲಾರೆನ್, ಎವಲಿನ್ ಲ್ಯಾಂಬಾರ್ಟ್ ಸೇರಿ ಮಾಡಿದ 1949ರ ‘ಬಿಗಾನ್ ಡಲ್ ಕೇರ್’ಗೆ ಮಾತ್ರ ಹೆಡ್‌ಫೋನ್ ಹಾಕಿಕೊಳ್ಳಿ. ಜಾಝ್ ಕಲಾವಿದ ಆಸ್ಕರ್ ಪೀಟರ್‌ಸನ್ ಪಿಯಾನೊ ಇದೆ.