ದೋಣಿಯ ಹಿಂಬದಿಯಿಂದ ನುಗ್ಗುವ ನೀರು: ಹಲಗೆ, ಎತ್ತರ, ತೊಟ್ಟಿ ಮೂರನ್ನೂ ಮಾಡಿ ನೋಡಿದೆ

ಗಳಗನಾಥದಲ್ಲಿ ವರದಾ ಬಂದು ತುಂಗಭದ್ರೆಗೆ ಸೇರುವ ಕಡೆ, ಹೋದ ಮಳೆಗಾಲದಲ್ಲಿ ಎಂಜಿನ್‌ನ ವೇಗ ಒಮ್ಮೆಲೇ ಇಳಿಸಿದೆ. ದೋಣಿ ನಿಂತಿತು, ಹಿಂದೆ ಬೆನ್ನಟ್ಟಿ ಬರುತ್ತಿದ್ದ ಅಲೆ ನಿಲ್ಲಲಿಲ್ಲ. ಎಂಜಿನ್ ಕೂರಿಸಲು ಹಿಂದಿನ ಗೋಡೆಯನ್ನು ತಗ್ಗು ಮಾಡಿರುತ್ತಾರಲ್ಲ, ಅಲ್ಲಿಂದ ಸೀದಾ ಒಳಗೆ ಬಂತು. ಪಾದ ಮುಳುಗುವಷ್ಟು ಕೆಂಪು ನೀರು. ಜೊತೆಗಿದ್ದ ಕಾಕಾ ಬಕೆಟ್‌ನಿಂದ ಮೊಗೆಯುತ್ತಲೇ ಹೇಳಿದರು: "ತಮ್ಮಾ, ಹೊಳಿದು ತಪ್ಪಿಲ್ಲ. ನಿನ್ನ ದೋಣಿ ಹಿಂದ ಬಾಗಲಾ ತಗದ ಐತಿ."

ಆ ಬಾಗಿಲು ಮುಚ್ಚುವುದಕ್ಕೇ ಇಷ್ಟು ದಿನ ಹಿಡಿಯಿತು. ನನ್ನದು 14 ಅಡಿಯ ಫೈಬರ್ ದೋಣಿ, 8 ಎಚ್‌ಪಿ ಟೂ ಸ್ಟ್ರೋಕ್ ಎಂಜಿನ್, ಶಾರ್ಟ್ ಶಾಫ್ಟ್ (ಎಂಜಿನ್‌ನಿಂದ ಪ್ರೊಪೆಲ್ಲರ್‌ವರೆಗಿನ ಕಾಲು ಗಿಡ್ಡದು). ಅಂದರೆ ಎಂಜಿನ್ ಕೂರುವ ಕಡೆ ಗೋಡೆ ತಳದಿಂದ 15 ಇಂಚು ಮಾತ್ರ. ಹರಿಗೋಲಿಗೆ ಈ ಕಷ್ಟ ಇಲ್ಲ, ಅದಕ್ಕೆ ಹಿಂದು ಮುಂದು ಅನ್ನುವುದೇ ಇಲ್ಲ. ಸುತ್ತಲೂ ಅಂಚು ಒಂದೇ ಎತ್ತರ. ಅಂಬಿಗರ ಚೌಡಯ್ಯನ ಕಾಲದಿಂದ ದೋಣಿ ನಡೆಸಿದ ಸೀಮೆಯಲ್ಲಿ ನಾನು ಎಂಜಿನ್ ಹಾಕಿದ ಮೇಲೆ ಇದನ್ನು ಕಲಿಯಬೇಕಾಯಿತು.

ಅಳತೆ ಹೀಗೆ ಮಾಡಿದೆ. ಹೊಳೆ ಶಾಂತವಾಗಿದ್ದ ದಿನ, ದಂಡೆಯ ಹತ್ತಿರ, ಲೈಫ್ ಜಾಕೆಟ್ ಹಾಕಿಕೊಂಡು ಇಬ್ಬರೇ ಕುಳಿತೆವು. ಪೂರ್ತಿ ವೇಗದಿಂದ ಒಮ್ಮೆಲೇ ಇಳಿಸುವುದು, ಹೀಗೆ ಐದು ಸಲ. ಬಂದ ನೀರನ್ನು ಲೀಟರ್ ಮಗ್‌ನಿಂದ ಅಳೆದು ಹೊರಗೆ ಚೆಲ್ಲಿದೆ. ಏನೂ ಬದಲಾಯಿಸದೆ 22 ಲೀಟರ್ ಬಂತು.

ಮೊದಲು ಏನನ್ನೂ ಕೊಯ್ಯಲಿಲ್ಲ. ಪೆಟ್ರೋಲ್ ಟ್ಯಾಂಕ್ ಹಿಂದೆ ನನ್ನ ಕಾಲ ಹತ್ತಿರ ಇತ್ತು. 24 ಲೀಟರ್ ಪೆಟ್ರೋಲ್ ಅಂದರೆ ಹತ್ತಿರ ಹತ್ತಿರ 18 ಕೆಜಿ, ಟ್ಯಾಂಕ್‌ನ ತೂಕ ಬೇರೆ. ಉದ್ದನೆಯ ಪೈಪ್ ತಂದು ಅದನ್ನು ನಡುವಿಗೆ ಸರಿಸಿದೆ. ನೀರಿನ ಮಟ್ಟದಿಂದ ತಗ್ಗಿನ ಅಂಚಿಗೆ ಏಳೂವರೆ ಇಂಚು ಇದ್ದದ್ದು 9 ಆಯಿತು. ಒಳಗೆ ಬಂದ ನೀರು 13 ಲೀಟರ್‌ಗೆ ಇಳಿಯಿತು. ಸುಮ್ನೆ ಒಂದು ಡಬ್ಬಿ ಸರಿಸಿದ್ದಕ್ಕೆ ಇಷ್ಟು! ಮುಂದಿನ ಪರೀಕ್ಷೆಗಳಲ್ಲೆಲ್ಲ ಟ್ಯಾಂಕ್ ನಡುವೆಯೇ ಇತ್ತು.

ಹಲಗೆಯದು ಜಾಸ್ತಿ ಹೇಳುವಂಥದ್ದಿಲ್ಲ. ಎಂಜಿನ್‌ನ ಎರಡೂ ಬದಿಯ ಸಂದಿಗೆ ಪ್ಲೈವುಡ್ ತುಂಡು, ಅಂಚಿಗೆ ಹಳೇ ಟ್ಯೂಬ್‌ನ ರಬ್ಬರ್. ಅರ್ಧ ದಿನದ ಕೆಲಸ, ಬೇಕೆಂದಾಗ ತೆಗೆಯಬಹುದು. 5 ಲೀಟರ್ ಬಂತು. ಆದರೆ ಹ್ಯಾಂಡಲ್ ತಿರುಗಿಸಿದಾಗ ಎಂಜಿನ್ ತಾಗಬಾರದೆಂದು ಸಂದಿ ಬಿಡಲೇಬೇಕು, ನೀರು ಅಲ್ಲಿಂದಲೇ ಬರುತ್ತದೆ. ಕೆರೆಯಲ್ಲಿ ಮೀನು ಹಿಡಿಯುವವರಿಗೆ ಇಷ್ಟೇ ಸಾಕು.

ಎತ್ತರಿಸುವುದರಲ್ಲಿ ಎಲ್ಲರೂ ಎಡವುತ್ತಾರೆ, ನಾನೂ ಎಡವಿದೆ. ಅದೇ ಎಂಜಿನ್‌ನ ಕೆಳಗೆ ಎರಡು ಇಂಚಿನ ಮರದ ಪಟ್ಟಿ ಕೊಟ್ಟೆ. ನೀರೇನೋ ಕಡಿಮೆಯಾಯಿತು. ಆದರೆ ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡಿತು. ಎಂಜಿನ್ ಕಿರುಚಿತು, ದೋಣಿ ಮಾತ್ರ ಮುಂದೆ ಹೋಗಲಿಲ್ಲ. ಬದಿಯಿಂದ ಚಿಮ್ಮುವ ನೀರಿನ ಸಣ್ಣ ಧಾರೆ ಕಡಿದು ಕಡಿದು ಬಂತು. ಎಂಜಿನ್ ತಂಪಾಗಿದೆಯೋ ಇಲ್ಲವೋ ಅನ್ನುವುದನ್ನು ಹೇಳುವುದೇ ಆ ಧಾರೆ. ತಕ್ಷಣ ನಿಲ್ಲಿಸಿದೆ. ಪ್ರೊಪೆಲ್ಲರ್ ಮೇಲಿನ ಚಪ್ಪಟೆ ತಟ್ಟೆ ದೋಣಿಯ ತಳಕ್ಕೆ ಸಮ ಇರಬೇಕು, ಇಲ್ಲವೇ ಒಂದು ಇಂಚಿನಷ್ಟು ಕೆಳಗೆ. ಅದಕ್ಕಿಂತ ಮೇಲೆ ಬಂದರೆ ಹೀಗೇ ಆಗುತ್ತದೆ.

ಆಮೇಲೆ ಗೆಳೆಯನ ಲಾಂಗ್ ಶಾಫ್ಟ್ ಎಂಜಿನ್ ತಂದು, 15 ಇಂಚನ್ನು 20 ಮಾಡಿ ನೋಡಿದೆ. ಒಂದು ಲೀಟರ್ ಕೂಡ ಬರಲಿಲ್ಲ. ಉದ್ದ ಶಾಫ್ಟ್ ಬೇಸಿಗೆಯಲ್ಲಿ ಮರಳಿಗೆ, ಬಂಡೆಗೆ ಬಡಿಯುತ್ತದೆ ಎಂದು ಊರಲ್ಲಿ ಹೇಳಿದರು. ಅದು ಹಾಗಲ್ಲ. ಗೋಡೆ ಐದು ಇಂಚು ಏರಿದೆ, ಶಾಫ್ಟ್ ಐದು ಇಂಚು ಉದ್ದ ಇದೆ, ಪ್ರೊಪೆಲ್ಲರ್ ಮೊದಲಿನ ಆಳದಲ್ಲೇ ಇರುತ್ತದೆ. ನಿಜವಾದ ತೊಡಕು ಬೇರೆ: ಎಂಜಿನ್ ಭಾರ ಮೇಲೆ ಹೋಗಿ ಹಳೇ ಗೋಡೆಯನ್ನು ಜಾಸ್ತಿ ಜಗ್ಗುತ್ತದೆ. ಹೊಸ ಎಂಜಿನ್ ಕೊಳ್ಳುವವರಾದರೆ ಕಣ್ಣು ಮುಚ್ಚಿ ಇದನ್ನೇ ಮಾಡಿ, ಗೋಡೆ ಗಟ್ಟಿ ಮಾಡಿಸಿಕೊಳ್ಳಿ. ನನಗೆ ಹಳೇ ಎಂಜಿನ್ ಬಿಡುವ ಮನಸ್ಸಿರಲಿಲ್ಲ.

ಉಳಿದದ್ದು ತೊಟ್ಟಿ. ಹಿಂದಿನ ಗೋಡೆಯಿಂದ 40 ಸೆಂಟಿಮೀಟರ್ ಮುಂದೆ, ದೋಣಿಯ ಅಂಚಿನಷ್ಟೇ ಎತ್ತರದ ಇನ್ನೊಂದು ಗೋಡೆ. ನಡುವೆ ಒಂದು ತಳ, ಹಿಂದಕ್ಕೆ ಎರಡು ತೂತು. ನೀರು ತಗ್ಗಿನಿಂದ ಬರಲಿ, ತೊಟ್ಟಿಗೆ ಬಿದ್ದು ತಾನೇ ಹೊರಗೆ ಹೋಗಲಿ. ಹುಬ್ಬಳ್ಳಿಯಿಂದ ಐಎಸ್ 710 ಪ್ಲೈವುಡ್ (ನೀರು ತಡೆಯುವ ಮರೀನ್ ಪ್ಲೈವುಡ್), ರೆಸಿನ್, ಫೈಬರ್ ಮ್ಯಾಟ್ ತಂದೆ. ಎಂಜಿನ್ ಪೂರ್ತಿ ಎತ್ತಿದಾಗ ಅದರ ತಲೆ ಒಳಕ್ಕೆ ಎಷ್ಟು ವಾಲುತ್ತದೆ ಎಂದು ಮೊದಲೇ ಅಳೆದುಕೊಂಡಿದ್ದೆ. ಅದು ಮರೆತರೆ ಹೊಸ ಗೋಡೆಗೆ ಎಂಜಿನ್ ಬಡಿದು, ಮೇಲೆತ್ತಲು ಬರುವುದಿಲ್ಲ.

ಆದರೂ ಒಂದು ತಪ್ಪು ಮಾಡಿದೆ. ತಳವನ್ನು ಬಹಳ ಕೆಳಗೆ ಇಟ್ಟೆ. ನಾಲ್ಕು ಜನ ಕುಳಿತ ಕೂಡಲೇ ತೂತುಗಳು ನೀರೊಳಗೆ ಹೋದವು, ಹೊಳೆ ಅಲ್ಲಿಂದಲೇ ತೊಟ್ಟಿಗೆ ಬಂತು. ಕಿತ್ತು ಮತ್ತೆ ಮಾಡಿದೆ. ಪೂರ್ತಿ ಭಾರ ಹಾಕಿ, ನಿಂತ ನೀರಿನಲ್ಲಿ ಹೊರಗೆ ಸೀಮೆಸುಣ್ಣದ ಗೆರೆ ಎಳೆದು, ಗೆರೆಯಿಂದ ಎರಡು ಇಂಚು ಮೇಲೆ ತಳ ಕೂರಿಸಿದೆ. ತೂತು ಸಣ್ಣದಿರಬಾರದು. ನನ್ನ ತೊಟ್ಟಿ ತುಂಬಿದರೆ 60 ಲೀಟರ್ ದಾಟುತ್ತದೆ, ಅಷ್ಟು ಕೆಜಿ ದೋಣಿಯ ಬಾಲದ ಮೇಲೆ ಕೂತ ಹಾಗೆ. ಹಾಗಾಗಿ 40 ಎಂಎಂ ಪಿವಿಸಿ ಪೈಪ್ ಎರಡು, ಹೊರಗೆ ರಬ್ಬರ್ ಮುಚ್ಚಳ. ಪೆಟ್ರೋಲ್ ಪೈಪ್ ಹೊಸ ಗೋಡೆ ದಾಟುವ ತೂತಿಗೂ ರಬ್ಬರ್ ಬಳೆ ಹಾಕಿ ಸೀಲ್ ಮಾಡಿದೆ.

ಅದೇ ಐದು ಸಲದ ಪರೀಕ್ಷೆ. ತೊಟ್ಟಿಗೆ ಪ್ರತಿ ಸಲ ನೀರು ಬಂತು, ಎಣಿಸುತ್ತಿದ್ದ ಹಾಗೇ ಇಳಿದು ಹೋಯಿತು. ಕಾಲ ಬುಡ ಒಣಗಿಯೇ ಇತ್ತು. ಖರ್ಚು ಸುಮಾರು 6,000 ರೂಪಾಯಿ, ಮೂರು ಭಾನುವಾರ. ನನ್ನಂಥ ಹಳೇ ಶಾರ್ಟ್ ಶಾಫ್ಟ್ ಎಂಜಿನ್ ಇದ್ದವರಿಗೆ ನಾನು ಹೇಳುವುದು ಇದನ್ನೇ.

ಯಾವುದನ್ನೇ ಮಾಡಿ, ಮೊದಲು ಹಿಂದಿನ ಗೋಡೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ. ಟಣ್ ಟಣ್ ಅಂದರೆ ಫೈಬರ್‌ನ ಒಳಗಿರುವ ಮರ ಗಟ್ಟಿ ಇದೆ. ದಬ್ ದಬ್ ಅಂದರೆ ಹಳೇ ಬೋಲ್ಟ್ ತೂತಿನಿಂದ ನೀರು ಇಳಿದು ಕೊಳೆಯುತ್ತಿರಬಹುದು. ನನ್ನ ದೋಣಿಯಲ್ಲಿ ಒಂದು ಬೋಲ್ಟ್ ಬಿಚ್ಚಿದಾಗ ಕಪ್ಪು ನೀರು ಸೋರಿತು. ಆ ತೂತನ್ನು ದೊಡ್ಡದು ಮಾಡಿ, ಒಣಗಿಸಿ, ಎಪಾಕ್ಸಿ ತುಂಬಿ, ಮತ್ತೆ ಕೊರೆದು ಬೋಲ್ಟ್ ಹಾಕಿದ ಮೇಲೆಯೇ ತೊಟ್ಟಿಯ ಕೆಲಸಕ್ಕೆ ಕೈ ಹಾಕಿದ್ದು.