ಮನೆಯಲ್ಲೇ ಪಿಕಪ್ ತೊಳೆಯುವ ಪ್ರೆಶರ್ ವಾಷರ್: ಮಲೆನಾಡಿನ ಹಲವು ಮಳೆಗಾಲಗಳ ಬಳಕೆಯ ನಂತರ

ಅಡಿಕೆ ತೋಟದ ಕೆಲಸಕ್ಕೆ ಇಟ್ಟುಕೊಂಡಿರುವ ಬೊಲೆರೊ ಪಿಕಪ್ಪನ್ನು ತೊಳೆಯುವ ಉದ್ದೇಶದಿಂದ 2020ರಲ್ಲಿ ಕೊಂಡ ಮನೆಬಳಕೆಯ ಪ್ರೆಶರ್ ವಾಷರ್ ಇಂದಿಗೂ ಕೆಲಸ ಮಾಡುತ್ತಿದೆ. ಕೊಂಡದ್ದು ಲಾಭವಾಯಿತೇ ಎಂದು ಕೇಳಿದರೆ ಆಯಿತೆಂದೇ ಹೇಳುತ್ತೇನೆ. ಆದರೆ ಜಾಹೀರಾತಿನಲ್ಲಿ ನೊರೆ ಮುಚ್ಚಿದ ಹೊಳೆಯುವ ಕಾರನ್ನು ತೋರಿಸಿ ಯಾವ ಕೆಲಸಕ್ಕೆ ಇದನ್ನು ಮಾರುತ್ತಾರೋ, ಆ ಕೆಲಸದಲ್ಲಿ ಇದರ ಉಪಯೋಗ ಸಾಧಾರಣ. ಇದರ ನಿಜವಾದ ಬೆಲೆ ತಿಳಿಯುವುದು ಗಾಡಿಯ ಅಡಿಭಾಗದಲ್ಲಿ ಮತ್ತು ಹಿಂದಿನ ಲೋಡ್ ಬಾಡಿಯಲ್ಲಿ. ಕಂಪನಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಏಳೆಂಟು ಸಾವಿರ ರೂಪಾಯಿಗೆ ಸಿಗುವ 1400 ವ್ಯಾಟ್ ಆಸುಪಾಸಿನ ಯಂತ್ರಗಳು ಹೊರಗಿನ ಬಣ್ಣ ಬೇರೆಯಾದರೂ ಒಳಗಿನಿಂದ ಹೆಚ್ಚುಕಡಿಮೆ ಒಂದೇ ಬಗೆಯವು: ಕಾರ್ಬನ್ ಬ್ರಷ್ ಮೋಟಾರು, ಮೂರು ಪಿಸ್ಟನ್ನಿನ ಸಣ್ಣ ಪಂಪು, ಗನ್ನಿನ ಟ್ರಿಗರ್ ಬಿಟ್ಟೊಡನೆ ಮೋಟಾರನ್ನು ನಿಲ್ಲಿಸುವ ಸ್ವಿಚ್ಚು. ಡಬ್ಬದ ಮೇಲೆ ನೂರು ಬಾರ್‌ಗಿಂತ (ಬಾರ್ ಎಂದರೆ ಒತ್ತಡದ ಅಳತೆ) ಹೆಚ್ಚಿನ ಒತ್ತಡವನ್ನು ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಅದು ಗರಿಷ್ಠ ಮಿತಿ. ಕೆಲಸ ಮಾಡುವಾಗ ಸಿಗುವ ಒತ್ತಡ ಅದಕ್ಕಿಂತ ಸಾಕಷ್ಟು ಕಡಿಮೆ ಇರುತ್ತದೆ, ಗಾಡಿ ತೊಳೆಯಲು ಅಷ್ಟು ಸಾಲುತ್ತದೆ ಕೂಡ.

ನಮ್ಮ ಕಡೆಯ ಜಂಬಿಟ್ಟಿಗೆ ಮಣ್ಣಿನ ಕೆಸರು ಒಣಗುವ ಮುನ್ನ ಸುಲಭವಾಗಿ ಬಿಡುತ್ತದೆ, ಒಣಗಿದ ಮೇಲೆ ಗಾರೆಯಂತೆ ಕೂರುತ್ತದೆ. ಚಾಸಿಯ ಒಳಮಡಿಕೆಗಳಲ್ಲಿ, ಹಿಂದಿನ ಲೀಫ್ ಸ್ಪ್ರಿಂಗಿನ ಪಟ್ಟಿಗಳ ನಡುವೆ, ಮಡ್‌ಗಾರ್ಡಿನ ಒಳಗಿನ ಅಂಚಿನಲ್ಲಿ ಸೇರಿಕೊಂಡ ಈ ಮಣ್ಣು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಮೇಲ್ಭಾಗ ಎಷ್ಟೇ ಸ್ವಚ್ಛವಾಗಿ ಕಂಡರೂ ಕೆಳಗೆ ತುಕ್ಕು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಸಾಮಾನ್ಯ ಪೈಪಿನ ತುದಿಗೆ ಹೆಬ್ಬೆರಳು ಒತ್ತಿ ಬಿಟ್ಟ ನೀರು ಆ ಸಂದುಗಳನ್ನು ತಲುಪುವುದೇ ಇಲ್ಲ. ಪ್ರೆಶರ್ ವಾಷರಿನ ಚಪ್ಪಟೆ ಧಾರೆಯನ್ನು ಓರೆಯಾಗಿ ಹಿಡಿದರೆ ಮೊದಲು ಕೆಂಪು ನೀರು, ನಂತರ ಹೆಂಟೆಹೆಂಟೆಯಾಗಿ ಮಣ್ಣು, ಅದರೊಂದಿಗೆ ಕೊಳೆತ ಅಡಿಕೆ ಸಿಪ್ಪೆಯ ನಾರು ಬೀಳತೊಡಗುತ್ತದೆ. ಕೆಳಗೆ ಬೀಳುವ ನೀರು ತಿಳಿಯಾಗುವವರೆಗೆ ನಿಲ್ಲಿಸಬಾರದು.

ಲೋಡ್ ಬಾಡಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಪೇಟೆಯಲ್ಲಿ ಕಾರು ತೊಳೆಯುವವರ ಸಲಹೆಗಳಲ್ಲಿ ಇದು ಎಲ್ಲಿಯೂ ಸಿಗುವುದಿಲ್ಲ. ಮಳೆಗಾಲದ ಆರಂಭದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಮೈಲುತುತ್ತದ (ತಾಮ್ರದ ಸಲ್ಫೇಟಿನ) ದ್ರಾವಣದ ಡ್ರಮ್ಮುಗಳೂ ಸುಣ್ಣದ ನೀರೂ ಇದೇ ಗಾಡಿಯಲ್ಲಿ ತೋಟಕ್ಕೆ ಹೋಗುತ್ತವೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಶೇಕಡಾ 1ರ ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ಕತ್ತಿಯ ಅಲಗನ್ನು ಅದ್ದುವುದು ತೋಟದವರಿಗೆಲ್ಲ ಗೊತ್ತಿರುವ ಪರೀಕ್ಷೆ. ಅಲಗಿನ ಮೇಲೆ ತಾಮ್ರದ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ. ಸುಣ್ಣ ಬೆರೆಯದ ಮೈಲುತುತ್ತದ ನೀರು ಚೆಲ್ಲಿದಾಗ, ಪೇಂಟು ಎದ್ದು ಹೋಗಿರುವ ಲೋಡ್ ಬಾಡಿಯ ತಗಡಿನ ಮೇಲೂ ಅದೇ ಲೇಪ ಕೂರುತ್ತದೆ, ಮತ್ತು ತಾಮ್ರ ಕೂತ ಕಬ್ಬಿಣ ಬರಿಯ ಕಬ್ಬಿಣಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ಆದ್ದರಿಂದ ಔಷಧಿ ಹೊಡೆದ ದಿನ ಎಷ್ಟೇ ದಣಿವಾಗಿದ್ದರೂ ಸಂಜೆಯೊಳಗೆ ಲೋಡ್ ಬಾಡಿಯನ್ನು ತೊಳೆಯಲೇಬೇಕು. ಯಂತ್ರ ಮನೆಯಲ್ಲೇ ಇರುವುದರ ಪ್ರಯೋಜನ ನನ್ನ ಲೆಕ್ಕದಲ್ಲಿ ಇದೊಂದೇ ಸಾಕು, ಏಕೆಂದರೆ ಅದೇ ಸಂಜೆ ಪೇಟೆಗೆ ಹೋಗಿ ವಾಟರ್ ಸರ್ವಿಸ್ ಮಾಡಿಸಿಕೊಂಡು ಬರುವವರು ಯಾರೂ ಇಲ್ಲ. ಒಣಗಿ ಅಂಟಿಕೊಂಡ ಬೋರ್ಡೋದ ನೀಲಿ ಪದರಕ್ಕೆ ನೀರಿನ ಧಾರೆ ಸಾಲುವುದಿಲ್ಲ. ಹುಣಸೆಹಣ್ಣಿನ ನೀರನ್ನೋ ತೆಳುವಾದ ವಿನೆಗರನ್ನೋ ಬಟ್ಟೆಯಲ್ಲಿ ಹಚ್ಚಿ, ಸ್ವಲ್ಪ ಹೊತ್ತಿನ ನಂತರ ಧಾರಾಳವಾಗಿ ನೀರು ಹೊಯ್ಯಬೇಕು.

ಅಡಿಕೆ ಸುಗ್ಗಿಯಲ್ಲಿ ಇನ್ನೊಂದು ತೊಂದರೆ ಚೊಗರಿನದು, ಅಂದರೆ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಗಂದು ರಸದ್ದು. ಬಟ್ಟೆಗೆ ಬಣ್ಣ ಕಟ್ಟಲು ಬಳಸುವ ವಸ್ತು ಬಿಳಿ ಪೇಂಟಿನ ಮೇಲೆ ಬಿದ್ದು ಸುಮ್ಮನಿರುತ್ತದೆ ಎಂದು ನಿರೀಕ್ಷಿಸುವಂತಿಲ್ಲ. ಹಸಿ ಚೊಗರು ಧಾರೆಗೆ ಬಿಡುತ್ತದೆ. ಗೀರು ಬಿದ್ದು ಕಬ್ಬಿಣ ಕಾಣುವ ಜಾಗದಲ್ಲಿ ಮಾತ್ರ ಚೊಗರಿನ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಕಪ್ಪು ಕಲೆಯಾಗುತ್ತದೆ, ಅದನ್ನು ಯಾವ ಒತ್ತಡದ ನೀರೂ ತೆಗೆಯುವುದಿಲ್ಲ. ಲೋಡ್ ಬಾಡಿಗೆ ಹಾಸಿದ ರಬ್ಬರ್ ಮ್ಯಾಟನ್ನು ಎತ್ತಿ ಅಡಿಯನ್ನೂ ತೊಳೆದು, ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ ಪೂರ್ತಿ ಒಣಗಿದ ಮೇಲೆಯೇ ಮತ್ತೆ ಹಾಸುವುದು ಒಳ್ಳೆಯದು.

ಇನ್ನು ಹೊರಗಿನ ಪೇಂಟಿನ ವಿಚಾರ. ಯಂತ್ರದ ಜೊತೆಗೆ ಕೊಡುವ ಶಾಂಪೂ ಬಾಟಲಿ ತೆಳ್ಳಗಿನ ಸೋಪು ನೀರನ್ನು ಉಗುಳುವುದಷ್ಟೇ. ಪ್ರತ್ಯೇಕವಾಗಿ ಕೊಂಡ ಫೋಮ್ ಲ್ಯಾನ್ಸ್ (ಗನ್ನಿಗೆ ಜೋಡಿಸುವ ನೊರೆ ಬಾಟಲಿ) ಕೂಡ ಮೊದಲು ಹಾಗೆಯೇ ಇತ್ತು, ಅದರೊಳಗಿನ 1.25 ಮಿಲಿಮೀಟರಿನ ರಂಧ್ರ ಹೆಚ್ಚು ನೀರು ಕೊಡುವ ದೊಡ್ಡ ಯಂತ್ರಗಳಿಗೆ ಹೊಂದುವಂಥದ್ದು. 1.1 ಮಿಲಿಮೀಟರಿನ ಬಿಡಿಭಾಗವನ್ನು ಹಾಕಿದ ಮೇಲೆ ನೊರೆ ದಪ್ಪವಾಯಿತು, ನೋಡಲು ಸೊಗಸಾಗಿಯೂ ಇದೆ. ಆದರೆ ನೊರೆ ಮಾಡುವುದು ಮಣ್ಣನ್ನು ನೆನೆಸುವ ಕೆಲಸವನ್ನು ಮಾತ್ರ. ಜಂಬಿಟ್ಟಿಗೆ ಮಣ್ಣಿನ ತೆಳುವಾದ ಕೆಂಪು ಪದರ ಬಿಳಿ ಗಾಡಿಯ ಬಾಗಿಲಿನ ಕೆಳಭಾಗದಲ್ಲಿ ಉಳಿದೇ ಉಳಿಯುತ್ತದೆ, ಅದಕ್ಕೆ ಕೈಯೇ ಬೇಕು. ಒಂದು ಬಕೆಟ್ಟಿನಲ್ಲಿ ಶಾಂಪೂ, ಇನ್ನೊಂದರಲ್ಲಿ ಬರಿಯ ನೀರು, ಮೇಲಿನಿಂದ ಕೆಳಕ್ಕೆ ಮೈಕ್ರೋಫೈಬರ್ ಬಟ್ಟೆ. ಪ್ರತಿ ಸಲ ಬಟ್ಟೆಯನ್ನು ನೀರಿನ ಬಕೆಟ್ಟಿನಲ್ಲಿ ಜಾಲಿಸಿದ ನಂತರವೇ ಮತ್ತೆ ಶಾಂಪೂವಿಗೆ ಅದ್ದಬೇಕು. ಗ್ಯಾರೇಜಿನವರ ಬನಿಯನ್ ವೇಸ್ಟಿನಲ್ಲಿ ಮರಳಿನ ಕಣ ಸಿಕ್ಕಿಕೊಂಡರೆ ಪೇಂಟಿನ ಮೇಲೆ ಉಂಗುರ ಉಂಗುರವಾಗಿ ಗೀರು ಮೂಡುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಮಣ್ಣನ್ನು ತೆಗೆಯುತ್ತದೆ, ಜೊತೆಗೆ ಹಚ್ಚಿದ ವ್ಯಾಕ್ಸನ್ನೂ ಒಯ್ಯುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುನ್ನ, ಕ್ಲೇ ಬಾರ್ (ಪೇಂಟಿಗೆ ಅಂಟಿದ ಕೊಳೆ ಎತ್ತುವ ಜೇಡಿಯಂಥ ಮೆತ್ತನೆಯ ಉಂಡೆ) ಉಜ್ಜಿ ವ್ಯಾಕ್ಸ್ ಹಚ್ಚಿದರೆ ಕೆಸರು ಮೊದಲಿನಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ದುಡಿಯುವ ಗಾಡಿಗೆ ಇದಕ್ಕಿಂತ ಹೆಚ್ಚಿನ ಡೀಟೇಲಿಂಗ್ ಶೋಕಿ ಎನಿಸುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಬಳಸುವ ಬಯಲುಸೀಮೆಯವರು ಮಾತ್ರ ತೊಳೆದ ಕೂಡಲೇ ಒರೆಸುವುದನ್ನು ತಪ್ಪಿಸಬಾರದು, ಏಕೆಂದರೆ ಬಿಸಿಲಿಗೆ ಒಣಗಿದ ಹನಿಗಳು ಸುಣ್ಣದ ಬಿಳಿ ಕಲೆಗಳಾಗಿ ಉಳಿಯುತ್ತವೆ. ನಮ್ಮ ಗುಡ್ಡದ ಝರಿಯಿಂದ ಹರಿದು ಬರುವ ಅಬ್ಬಿ ನೀರಿಗೆ ಆ ದೋಷವಿಲ್ಲ.

ಅಬ್ಬಿ ನೀರಿಗೆ ಬೇರೊಂದು ದೋಷವಿದೆ: ಎಲೆಯ ಚೂರು, ಪಾಚಿ, ಮರಳು. ನೀರು ಒಳಬರುವ ಬಾಯಿಯಲ್ಲಿರುವ ಪುಟ್ಟ ಜಾಲರಿ ಕಟ್ಟಿಕೊಂಡರೆ ಪಂಪು ಗಾಳಿ ಎಳೆದು ಧಾರೆ ಕಡಿದು ಕಡಿದು ಬರುತ್ತದೆ, ಮತ್ತು ಯಂತ್ರವೇ ಕೆಟ್ಟಿತೆಂಬ ಭಾವನೆ ಬರುತ್ತದೆ. ಜಾಲರಿಯನ್ನು ಆಗಾಗ ಬಿಚ್ಚಿ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿದರೆ ಸಾಕು. ಬೇಸಿಗೆಯಲ್ಲಿ ಅಬ್ಬಿ ಸೊರಗಿದಾಗ 200 ಲೀಟರಿನ ಡ್ರಮ್ಮಿನಿಂದಲೇ ನೀರು ಎಳೆಸುತ್ತೇವೆ. ನಿಮಿಷಕ್ಕೆ ಸುಮಾರು ಆರು ಲೀಟರ್ ಖರ್ಚಾಗುವುದರಿಂದ ಒಂದು ಡ್ರಮ್ಮು ಅರ್ಧ ಗಂಟೆಗೆ ಬರುತ್ತದೆ, ಇಡೀ ಗಾಡಿ ತೊಳೆಯಲು ಅಷ್ಟು ಸಾಕು.

ದೂರುಗಳೂ ಇವೆ. ಜೊತೆಗೆ ಬಂದ ಐದು ಮೀಟರಿನ ಹೋಸ್ ಅಷ್ಟೇ ಉದ್ದದ ಗಾಡಿಗೆ ಸಾಲದೆ, ಯಂತ್ರವನ್ನು ಸುತ್ತಲೂ ಎಳೆದುಕೊಂಡು ತಿರುಗಬೇಕು. ಅದು ಬಿರುಸಾಗಿದ್ದು ತನ್ನಷ್ಟಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ಗನ್ನಿನ ಜೋಡಣೆಯಲ್ಲಿರುವ ಓ-ರಿಂಗ್ ಎಂಬ ರಬ್ಬರ್ ಉಂಗುರ ಸವೆದು ಸೋರುವುದು ಮಾಮೂಲಿ, ಸಿಲಿಕೋನ್ ಗ್ರೀಸ್ ಹಚ್ಚುತ್ತಿದ್ದರೆ ಹೆಚ್ಚು ಕಾಲ ಬಾಳುತ್ತದೆ. ಪ್ಲಾಸ್ಟಿಕ್ಕಿನ ಗನ್ ಒಂದು ಸಲ ಬಿರುಕು ಬಿಟ್ಟಾಗ ಅದರ ಬದಲಿ ಬರುವ ವೇಳೆಗೆ ಮಳೆಗಾಲ ಅರ್ಧ ಮುಗಿದಿತ್ತು. ಸಂಜೆ ಎಲ್ಲರ ಪಂಪ್‌ಸೆಟ್ಟುಗಳೂ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಇಳಿದು ಒತ್ತಡ ಕುಗ್ಗುತ್ತದೆ, ಆಗ ನಿಲ್ಲಿಸುವುದೇ ಲೇಸು. ಯಂತ್ರ ಆರು ಆಂಪಿಯರ್‌ಗಿಂತ ತುಸು ಹೆಚ್ಚೇ ಎಳೆಯುವುದರಿಂದ ಸಣ್ಣ ಪ್ಲಗ್ ಪಾಯಿಂಟಿಗೆ ಹಾಕದೆ 16 ಆಂಪಿಯರಿನ ಸಾಕೆಟ್ಟಿಗೇ ಹಾಕಬೇಕು. ಎಕ್ಸ್‌ಟೆನ್ಷನ್ ಬೇಕಾದರೆ ದಪ್ಪನೆಯ ತಾಮ್ರದ ವೈರನ್ನು ಪೂರ್ತಿ ಬಿಚ್ಚಿ ಹರಡಬೇಕು. ನೀರಿನಲ್ಲಿ ನಿಂತು ಮಾಡುವ ಕೆಲಸವಾದ್ದರಿಂದ ಆ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನನ್ನು ಕಡಿಯುವ ಸ್ವಿಚ್ಚು) ಇರಲೇಬೇಕು.

ತಿರುಗುವ ಧಾರೆಯ ನಳಿಕೆಯನ್ನು ಪೇಂಟಿಗೂ ಟೈರಿಗೂ ಹಿಡಿಯಬಾರದು. ಚಪ್ಪಟೆ ಧಾರೆಯನ್ನಾದರೂ ಟೈರಿನಿಂದ ಒಂದಡಿ ದೂರವೇ ಇಡಬೇಕು. ರೇಡಿಯೇಟರಿನ ರೆಕ್ಕೆಗಳಿಗೆ ಹತ್ತಿರದಿಂದ ಹೊಡೆದರೆ ಬಾಗುತ್ತವೆ. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳಲ್ಲಿ (ಕೀಲುಗಳಲ್ಲಿ) ನೀರು ನುಗ್ಗಿ ಗ್ರೀಸು ಹೊರಬರುವ ಸಾಧ್ಯತೆ ಇರುವುದರಿಂದ, ಅಡಿಭಾಗ ತೊಳೆದ ಮೇಲೆ ನಿಪ್ಪಲ್ಲುಗಳಿಗೆ ಗ್ರೀಸ್ ಗನ್ ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡಿದ್ದೇವೆ.

ಯಂತ್ರ ಬಂದ ಮೇಲೂ ವಾಟರ್ ಸರ್ವಿಸಿಗೆ ಹೋಗುವುದು ಪೂರ್ತಿ ನಿಂತಿಲ್ಲ. ನೆಲದ ಮೇಲೆ ನಿಂತ ಗಾಡಿಯ ಚಾಸಿಯ ನಡುಭಾಗಕ್ಕೆ ಮನೆಯಲ್ಲಿ ಧಾರೆ ಸರಿಯಾಗಿ ಎಟಕುವುದಿಲ್ಲ, ಆದ್ದರಿಂದ ಮಳೆಗಾಲ ಮುಗಿದ ಮೇಲೆ ಒಂದು ಸಲ ರ‍್ಯಾಂಪ್ ಇರುವಲ್ಲಿಗೆ ಒಯ್ದು ತೊಳೆಸುತ್ತೇವೆ. ಅಲ್ಲಿ ತೊಳೆದಾದ ಮೇಲೆ ಅಡಿಭಾಗಕ್ಕೆ ಡೀಸೆಲ್ಲನ್ನೋ ಹಳೆಯ ಆಯಿಲನ್ನೋ ಹೊಡೆಯುವ ರೂಢಿ ಇನ್ನೂ ಇದೆ. ಅದರಿಂದ ರಬ್ಬರ್ ಬುಷ್ಷುಗಳು ಉಬ್ಬಿ ಹಾಳಾಗುತ್ತವೆ, ಎಣ್ಣೆಗೆ ಧೂಳು ಇನ್ನಷ್ಟು ಅಂಟುತ್ತದೆ, ಆದ್ದರಿಂದ ಗಾಡಿಯನ್ನು ರ‍್ಯಾಂಪಿಗೆ ಹತ್ತಿಸುವ ಮೊದಲೇ ಅದು ಬೇಡವೆಂದು ಹೇಳಿಬಿಡಬೇಕು.