ಕೆಂಪು ಕೋಟಿನ ಫಜೀತಿ: ಒಂದೇ ಯುದ್ಧಚಿತ್ರ, ಮೂರು ನಕಲು

ಕ್ರಿಮಿಯಾ ಯುದ್ಧದ ಒಂದು ಕಲ್ಲಚ್ಚು ಚಿತ್ರ (ಕಲ್ಲಿನ ಮೇಲೆ ಬರೆದು ಅಚ್ಚು ತೆಗೆದದ್ದು) ನನ್ನನ್ನು ತುಂಬಾ ದಿನದಿಂದ ಕಾಡುತ್ತಿತ್ತು. 1854ರ ಅಕ್ಟೋಬರ್ 25, ಬಾಲಾಕ್ಲಾವ. ಬ್ರಿಟಿಷರ ಲೈಟ್ ಬ್ರಿಗೇಡ್ ಎಂಬ ಕುದುರೆ ದಂಡಿನ ಸುಮಾರು 670 ಸವಾರರು ರಷ್ಯದ ಫಿರಂಗಿಗಳ ಬಾಯಿಗೇ ನುಗ್ಗಿದ ದಿನ. ಚಿತ್ರ ಬರೆದವನು ವಿಲಿಯಂ ಸಿಂಪ್ಸನ್. ಅವನು ಕ್ರಿಮಿಯಾಕ್ಕೆ ಬಂದಿದ್ದೇ ಆ ದಾಳಿ ಮುಗಿದ ಮೇಲೆ, ಕೇಳಿ ತಿಳಿದು ಬರೆದದ್ದು. ದಾಳಿಯ ಮುಂದಾಳು ಲಾರ್ಡ್ ಕಾರ್ಡಿಗನ್‌ಗೆ ಮೊದಲ ಕರಡುಗಳು ಹಿಡಿಸಲೇ ಇಲ್ಲವಂತೆ. ತಾನು ಎಲ್ಲರಿಗಿಂತ ಮುಂದೆ ಎದ್ದು ಕಾಣುವ ಹಾಗೆ ಬರೆದ ಮೇಲೆ ಭೇಷ್ ಅಂದನಂತೆ!

ಇದನ್ನು ಎಣ್ಣೆಬಣ್ಣದಲ್ಲಿ ನೋಡುವ ಆಸೆ. ನನ್ನ ಹತ್ತಿರ ಇದ್ದದ್ದು ಬಣ್ಣವಿಲ್ಲದ, ಬರೀ ಕಂದು ಛಾಯೆಯ ಸ್ಕ್ಯಾನ್. ಅದನ್ನೇ ಮೂರು ಕಡೆ ಕೊಟ್ಟೆ. ಮೂರಕ್ಕೂ ಒಂದೇ ಅಳತೆ, 60x90 ಸೆಂ.ಮೀ.

ಮೊದಲನೆಯದು ಆರ್ಡರ್ ತಗೊಂಡು ಸಾಲಾಗಿ ನಕಲು ಮಾಡಿಕೊಡುವ ಸ್ಟುಡಿಯೋ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಬೇಗ ಕಳಿಸಿದರು. ಬಿಚ್ಚಿ ನೋಡಿದರೆ ಎಲ್ಲಾ ಸವಾರರಿಗೂ ಕೆಂಪು ಕೋಟು! ಬ್ರಿಟಿಷ್ ಸೈನಿಕ ಅಂದರೆ ಕೆಂಪು ಅಂತ ಲೆಕ್ಕ ಹಾಕಿಬಿಟ್ಟಿದ್ದಾರೆ. ಲೈಟ್ ಬ್ರಿಗೇಡಿನದು ಕಡುನೀಲಿ ಕೋಟು. ಅದೇ ಬೆಳಿಗ್ಗೆ ಬೇರೆ ಕಡೆ ದಾಳಿ ಮಾಡಿದ ಹೆವಿ ಬ್ರಿಗೇಡಿನವರದು ಕೆಂಪು. ಲೈಟ್ ಬ್ರಿಗೇಡಿನಲ್ಲಿ ಕೆಂಪು ಅಂತ ಕಣ್ಣಿಗೆ ಹೊಡೆಯುತ್ತಿದ್ದದ್ದು 11ನೇ ಹುಸಾರ್ ದಳದ ಪ್ಯಾಂಟು. ಅಂದರೆ ನನ್ನ ಕ್ಯಾನ್ವಾಸ್ ಮೇಲೆ ಬೇರೆಯದೇ ದಂಡು ಓಡುತ್ತಿದೆ. ಇನ್ನೊಂದು ಅನುಮಾನಕ್ಕೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದೆ. ಕುದುರೆಗಳ ಮೇಲೆ ಬಣ್ಣದ ಉಬ್ಬು ಇತ್ತು, ಆಕಾಶ ಮಾತ್ರ ಪೂರ್ತಿ ಸಪಾಟು. ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಸಣ್ಣ ಚುಕ್ಕಿ. ಪ್ರಿಂಟ್ ಹೊಡೆದು ಮೇಲೆ ಅಲ್ಲಲ್ಲಿ ಕುಂಚ ಆಡಿಸಿದ್ದು. ಇದಕ್ಕೆ ‘ಕೈಯಿಂದ ಬರೆದದ್ದು’ ಅಂತ ಹೆಸರು ಬೇರೆ.

ಎರಡನೆಯವರು ಒಬ್ಬರೇ ಕೂತು ಬರೆಯುವ ಕಲಾವಿದರು. ಮೊದಲನೆಯದರ ಮೂರು ಪಟ್ಟು ಖರ್ಚು, ಕಾಯುವುದೂ ಜಾಸ್ತಿ. ಆದರೆ ಅವರು ಮೊದಲು ಕೇಳಿದ್ದೇ ‘ಕೋಟಿನ ಬಣ್ಣ ಯಾವುದು?’ ಅಂತ. ಅಲ್ಲಿಗೇ ನನಗೆ ಅರ್ಧ ಸಮಾಧಾನ. ತೆಳು ಕಂದು ಬಣ್ಣದಲ್ಲಿ ಇಡೀ ಚಿತ್ರ ಕೂರಿಸಿ ಫೋಟೋ ಕಳಿಸಿದರು. ತಿದ್ದುವುದಿದ್ದರೆ ಈಗಲೇ ಹೇಳಿ ಅಂದರು. ಕಾರ್ಡಿಗನ್‌ನ ಕುದುರೆ ಕಪ್ಪಗಿತ್ತು. ಅವನ ರೊನಾಲ್ಡ್ ಕೆಂಗಂದು ಕುದುರೆ ಅಂದೆ, ಬದಲಾಯಿತು. ಕೊನೆಗೆ ಬಂದ ಚಿತ್ರದಲ್ಲಿ ಹೊಗೆ ನೋಡಬೇಕು! ಕಲ್ಲಚ್ಚಿನಲ್ಲಿ ಹೊಗೆ ಬರೀ ಖಾಲಿ ಕಾಗದ, ಅಲ್ವಾ? ಇಲ್ಲಿ ಬೂದು ಬಣ್ಣದ ಮೇಲೆ ಬಿಳಿಯನ್ನು ಒಣ ಕುಂಚದಲ್ಲಿ ಎಳೆದು, ಅಂಚಲ್ಲಿ ಚೂರು ಹಳದಿ ತಾಗಿಸಿದ್ದಾರೆ. ಫಿರಂಗಿ ಈಗತಾನೇ ಸಿಡಿದ ಹಾಗಿದೆ.

ಕೊರತೆಯೂ ಇದೆ. ದೂರದ ಸವಾರರು ಅಕ್ಕಿಕಾಳಿನಷ್ಟು ಚಿಕ್ಕವರು. ಸಿಂಪ್ಸನ್ ಬರೆದದ್ದನ್ನು ಕಲ್ಲಿಗೆ ಇಳಿಸಿದವನ ಕೈಯಲ್ಲಿ ಚೂಪು ಬಳಪ ಇತ್ತು, ಕತ್ತಿ, ಲಗಾಮು ಎಲ್ಲ ಗೀರಿದ. ಕುಂಚದಲ್ಲಿ ಅವೆಲ್ಲ ಒಂದೊಂದು ನೀಲಿ ಚುಕ್ಕೆ ಆಗಿವೆ.

ಮೂರನೆಯದು ಕ್ಯಾನ್ವಾಸ್ ಪ್ರಿಂಟ್, ಮೇಲೆ ಕುಂಚದ ಗುರುತು ಮೂಡಿಸುವ ಜೆಲ್. ಪ್ರಿಂಟು ಚೊಕ್ಕವಾಗಿದೆ, ಪ್ರತಿ ಲಗಾಮೂ ಕಾಣುತ್ತದೆ. ಜೆಲ್ ಮಾತ್ರ ಸುಮ್ನೆ ದಂಡ. ಗೆರೆ ಒಂದು ಕಡೆ ಹೋದರೆ ಕುಂಚದ ಗುರುತು ಇನ್ನೊಂದು ಕಡೆ ಹೋಗುತ್ತದೆ. ಸಂಜೆ ದೀಪ ಹಾಕಿದರೆ ಕಣ್ಣಿಗೆ ಹೊಳಪು ಬಡಿಯುತ್ತದೆ. ಜೆಲ್ ಬೇಡ ಅಂದಿದ್ದರೆ ಇದು ಚೆನ್ನಾಗಿರುತ್ತಿತ್ತು.

ಹಾಗಾಗಿ ಗೆರೆ, ಪುಟ್ಟ ಆಳುಗಳು ತುಂಬಿದ ಚಿತ್ರಕ್ಕೆ ಸಾದಾ ಪ್ರಿಂಟೇ ಸರಿ. ಹೊಗೆ, ಧೂಳು, ಆಕಾಶ ಜಾಸ್ತಿ ಇದ್ದರೆ ಎಣ್ಣೆಬಣ್ಣಕ್ಕೆ ಹೋಗಿ. ಸಮವಸ್ತ್ರದ ಬಣ್ಣ ಮಾತ್ರ ನೀವೇ ಬರೆದು ಕೊಡಿ. ಸುತ್ತಿ ಕಳಿಸುವುದಾದರೆ ಬಣ್ಣದ ಮೈ ಹೊರಗೆ ಇರಲಿ, ಒಳಗೆ ಮಡಚಿದರೆ ಬಿರುಕು ಬರಬಹುದು. ಚೌಕಟ್ಟಿಗೆ ಬಿಗಿಯಲು ನಾಲ್ಕೂ ಕಡೆ 5 ಸೆಂ.ಮೀ. ಕ್ಯಾನ್ವಾಸ್ ಬಿಡಿಸಿಕೊಳ್ಳಿ.

ಕಲಾವಿದರ ಚಿತ್ರ ಗೋಡೆ ಹತ್ತಿದೆ. ಕೋಣೆಯಲ್ಲಿ ಇನ್ನೂ ಅಗಸೆ ಎಣ್ಣೆಯ ವಾಸನೆ. ಬಣ್ಣ ಒಳಗಿನಿಂದ ಒಣಗಲು ಆರು ತಿಂಗಳಿಗೂ ಮೇಲೆ ಬೇಕು, ಆಮೇಲೆ ವಾರ್ನಿಷ್ ಅಂದಿದ್ದಾರೆ. ಕೆಂಪು ಕೋಟಿನ ದಂಡು ಬೀರುವಿನ ಹಿಂದೆ, ಗೋಡೆಗೆ ಮುಖ ಮಾಡಿ ನಿಂತಿದೆ.